ಲಂಡನ್ ಏಜೆಂಟಿಗೆ ಕಾದಂಬರಿ ಕಳಿಸುವ ಮುನ್ನ

ಏಜೆಂಟ್ ಅಂದರೆ ನಮಗೆ ಮೊದಲು ನೆನಪಾಗುವುದು ಎಲ್‌ಐಸಿಯವರು. ಕನ್ನಡದಲ್ಲಿ ಬರೆದದ್ದು ನೇರವಾಗಿ ಪ್ರಕಾಶಕರ ಕೈಗೆ ಹೋಗುತ್ತದೆ, ತಿಂಗಳು ಬಿಟ್ಟು ಫೋನ್ ಮಾಡಿ ‘ಸಾರ್, ನೋಡಿದ್ರಾ?’ ಅಂತ ಕೇಳಲೂಬಹುದು. ಲಂಡನ್ನಿನ ದೊಡ್ಡ ಪ್ರಕಾಶಕರು ಹಾಗಲ್ಲ. ಲೇಖಕರ ಪರವಾಗಿ ಪ್ರಕಾಶಕರ ಜತೆ ಮಾತಾಡುವ ಸಾಹಿತ್ಯದ ಏಜೆಂಟ್ ಮೂಲಕ ಬಂದದ್ದನ್ನೇ ಹೆಚ್ಚಾಗಿ ಓದುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ‘ನಮ್ಮದನ್ನೂ ಕಳಿಸೋಣ’ ಅನ್ನುವವರು ಜಾಸ್ತಿ ಆಗಿದ್ದಾರೆ. ಕಳಿಸಿ, ಆದರೆ ಅವರು ಏನು ನೋಡುತ್ತಾರೆ ಅಂತ ತಿಳಿದು ಕಳಿಸಿ.

ಮೊದಲು ಬರೆದು ಮುಗಿಸಿ. ಹೊಸಬರ ಅರ್ಧ ಕಾದಂಬರಿಯನ್ನು ಯಾರೂ ಕೇಳುವುದಿಲ್ಲ. ದೊಡ್ಡವರು ಓದುವ ಕಾದಂಬರಿಗೆ ಸುಮಾರು 80,000ದಿಂದ 1 ಲಕ್ಷ ಪದ ಇದ್ದರೆ ಸಲೀಸು. ಅನುವಾದ ಕಳಿಸುವವರು ಇಂಗ್ಲಿಷ್ ಪದಗಳನ್ನೇ ಎಣಿಸಬೇಕು. ನಮ್ಮ ‘ಹೋಗಬೇಕಾಗಿತ್ತಂತೆ’ ಒಂದೇ ಪದ, ಅಲ್ಲಿ ಅದು ನಾಲ್ಕೈದಾಗುತ್ತದೆ. ಹಾಗೇ ಕನ್ನಡ ಪ್ರಕಾಶಕರ ಜತೆ ಮಾಡಿಕೊಂಡ ಒಪ್ಪಂದ ತೆಗೆದು, ಅನುವಾದದ ಹಕ್ಕು ಯಾರ ಬಳಿ ಇದೆ ನೋಡಿ.

ಆಮೇಲೆ ಏಜೆಂಟನ್ನು ಹುಡುಕಿ. ನಿಮ್ಮ ಬಗೆಯ ಇಂಗ್ಲಿಷ್ ಪುಸ್ತಕಗಳ ಕೊನೆಯ ಕೃತಜ್ಞತೆಯ ಪುಟ ತೆರೆಯಿರಿ, ಅಲ್ಲಿ ಲೇಖಕರು ತಮ್ಮ ಏಜೆಂಟಿನ ಹೆಸರು ಹೇಳಿರುತ್ತಾರೆ. ಮಕ್ಕಳ ಪುಸ್ತಕ ನೋಡುವವರಿಗೆ ಕೊಲೆಯ ಕಥೆ ಕಳಿಸಿದರೆ ಸುಮ್ನೆ ವೇಸ್ಟ್.

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕೇಳುವುದು ಮೂರು: ಒಂದು ಪುಟದ ಪತ್ರ, ಕಥೆಯ ಸಾರಾಂಶ, ಮೊದಲ ಮೂರು ಅಧ್ಯಾಯ ಅಥವಾ 10,000 ಪದ. ಅಮೆರಿಕದಲ್ಲಿ ಹಲವರು ಪತ್ರದ ಜತೆ ಐದು-ಹತ್ತು ಪುಟ ಸಾಕು ಅನ್ನುತ್ತಾರೆ.

ಪತ್ರಕ್ಕೆ ಟೈಮ್ ಕೊಡಿ. ‘ನನ್ನ ಕಾದಂಬರಿ ಮಾನವ ಸಂಬಂಧಗಳ ಸಂಕೀರ್ಣತೆಯನ್ನು ಶೋಧಿಸುತ್ತದೆ’ ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಬದಲಿಗೆ ಹೀಗೆ ನೋಡಿ: ‘ಸಕಲೇಶಪುರದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬ, ಸತ್ತ ಆಳಿನ ಹೆಸರಲ್ಲಿ ಹತ್ತು ವರ್ಷ ಸಂಬಳ ಬರೆದು ತಾನೇ ತೆಗೆದುಕೊಂಡಿದ್ದಾನೆ, ಈಗ ಆ ಆಳಿನ ಮಗಳು ಲೆಕ್ಕ ಕೇಳಲು ಬಂದಿದ್ದಾಳೆ.’ ಯಾರು, ಏನು ಮಾಡಿದ, ಯಾಕೆ ಈಗ ಸಿಕ್ಕಿಬಿದ್ದ, ಎಲ್ಲ ಬಂತು ಅಲ್ವಾ? ಈ ಸಾಲನ್ನೇ ಏಜೆಂಟ್ ನಾಳೆ ಸಂಪಾದಕರಿಗೆ ಹೇಳಬೇಕು, ಸಂಪಾದಕರು ತಮ್ಮ ಮಾರಾಟದವರಿಗೆ ಹೇಳಬೇಕು, ಅವರು ಅಂಗಡಿಯವರಿಗೆ ಹೇಳಬೇಕು. ಬಾಯಿಂದ ಬಾಯಿಗೆ ಹೋಗುವಷ್ಟು ಚಿಕ್ಕದಾಗಿರಲಿ. ನಿಮ್ಮ ಪುಸ್ತಕದ ಜತೆ ಒಂದೇ ಕಪಾಟಿನಲ್ಲಿ ಇಡಬಹುದಾದ ಇತ್ತೀಚಿನ ಎರಡು ಪುಸ್ತಕಗಳ ಹೆಸರೂ ಹಾಕಿ.

ಸಾರಾಂಶದಲ್ಲಿ ಕೊನೆಯನ್ನೂ ಹೇಳಬೇಕು. ನಾನು ಮೊದಲ ಸಲ ‘ಮುಂದೇನಾಯಿತು? ಓದಿಯೇ ತಿಳಿಯಿರಿ!’ ಅಂತ ಮುಗಿಸಿದ್ದೆ, ಸಿನಿಮಾ ಟ್ರೇಲರ್ ಥರ. ಏಜೆಂಟಿಗೆ ಬೇಕಿರುವುದು ಕಥೆ ದಡ ಸೇರುತ್ತದಾ ಅನ್ನುವುದು. ಉತ್ತರ ಬರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಅಧ್ಯಾಯಗಳು. ‘ಏಳನೇ ಅಧ್ಯಾಯ ಚೆನ್ನಾಗಿದೆ, ಅದನ್ನೇ ಕಳಿಸ್ತೀನಿ’ ಅನ್ನಬೇಡಿ. ಶುರುವಿನಿಂದಲೇ ಕೊಡಬೇಕು. ನಮಗೆ ಊರಿನ ವರ್ಣನೆ, ಮುತ್ತಜ್ಜನ ಕಾಲದ ಕಥೆ, ಆಮೇಲೆ ನಾಯಕ ಅನ್ನುವ ಅಭ್ಯಾಸ ಇದೆ. ಏಜೆಂಟ್ ಅಷ್ಟು ಕಾಯುವುದಿಲ್ಲ. ಮೊದಲ ಪುಟದಲ್ಲೇ ಒಂದು ದನಿ ಕೇಳಬೇಕು, ಈ ಮನುಷ್ಯ ಹೇಳಿದರೆ ಇನ್ನೂ ಕೇಳೋಣ ಅನ್ನಿಸುವ ದನಿ. ಸಣ್ಣಪುಟ್ಟ ತಪ್ಪು ತಿದ್ದಬಹುದು, ದನಿಯನ್ನು ಬೇರೆಯವರು ತಂದುಕೊಡಲು ಆಗುವುದಿಲ್ಲ.

ಒಂದೇ ಸಲ ಆರೇಳು ಜನರಿಗೆ ಕಳಿಸಬಹುದು, ಬೇರೆಯವರಿಗೂ ಕಳಿಸಿದ್ದೇನೆ ಅಂತ ಹೇಳಿಬಿಡಿ. ಉತ್ತರಕ್ಕೆ ಎರಡು-ಮೂರು ತಿಂಗಳು ಹಿಡಿಯಬಹುದು, ಕೆಲವರು ಬರೆಯುವುದೇ ಇಲ್ಲ. ಬೇಡ ಅನ್ನುವುದಕ್ಕೆ ಮೂರು ನಾಲ್ಕು ಕಡೆಯಿಂದ ಒಂದೇ ಕಾರಣ ಬಂದರೆ ಮಾತ್ರ ಕೂತು ತಿದ್ದಿ.

ದುಡ್ಡಿನ ಮಾತು: ಏಜೆಂಟ್ ತೆಗೆದುಕೊಳ್ಳುವುದು ನಿಮಗೆ ಬಂದದ್ದರಲ್ಲಿ ಸಾಮಾನ್ಯವಾಗಿ ಶೇ 15, ಹೊರದೇಶದ ಹಕ್ಕಿಗೆ ಶೇ 20. ಓದುವುದಕ್ಕೇ ಫೀಸು ಕೇಳಿದರೆ ಅಲ್ಲೇ ಕೈಮುಗಿದು ಬನ್ನಿ. ಯಾರಾದರೂ ಒಪ್ಪಿಕೊಂಡರೆ ಆ ಖುಷಿಯಲ್ಲಿ ತಕ್ಷಣ ಸಹಿ ಹಾಕಬೇಡಿ, ಎರಡು ವಾರ ಟೈಮ್ ಕೇಳಿ, ಪುಸ್ತಕ ಓದುತ್ತಿರುವ ಉಳಿದ ಏಜೆಂಟರಿಗೆ ಅವತ್ತೇ ಒಂದು ಮೇಲ್ ಹಾಕಿ.