ಹೊಸ ಉಪ್ಪುನೀರಿನ ಟ್ಯಾಂಕ್: ಕಲ್ಲಿಗೆ ನೇರಳೆ ಬಣ್ಣ ಬರಬೇಕಾದರೆ ಏನು ಮಾಡಬೇಕು?

ಮನೆಯಲ್ಲಿ ಸಮುದ್ರ ಮೀನಿನ ಟ್ಯಾಂಕ್ ಇಟ್ಟವರೆಲ್ಲ ಒಂದೆರಡು ತಿಂಗಳಲ್ಲಿ ಕೇಳುವ ಪ್ರಶ್ನೆ ಇದು. ಯೂಟ್ಯೂಬಿನಲ್ಲಿ ನೋಡಿದ ಟ್ಯಾಂಕುಗಳಲ್ಲಿ ಕಲ್ಲೆಲ್ಲ ನೇರಳೆ, ಗುಲಾಬಿ. ನಮ್ಮದು ಮಾತ್ರ ಯಾಕೆ ಹೀಗೆ ಬೋಳು ಬಿಳಿ, ಅದರ ಮೇಲೆ ಕಂದು ಧೂಳು?

ಆ ಬಣ್ಣ ಕಲ್ಲಿನದ್ದಲ್ಲ. ಕೋರಲೈನ್ ಅನ್ನುವ ಪಾಚಿಯದ್ದು. ಕೆಂಪು ಪಾಚಿಗಳ ಗುಂಪಿಗೆ ಸೇರಿದ ಇದು ನೀರಿನಲ್ಲಿರುವ ಕ್ಯಾಲ್ಸಿಯಂ, ಕಾರ್ಬೊನೇಟ್ ಮತ್ತು ಸ್ವಲ್ಪ ಮೆಗ್ನೀಸಿಯಂ ಎಳೆದುಕೊಂಡು ಮೈಯನ್ನೇ ಗಟ್ಟಿ ಸುಣ್ಣದ ಪದರ ಮಾಡಿಕೊಳ್ಳುತ್ತದೆ. ಹವಳದ ದಿಬ್ಬಗಳಲ್ಲಿ ಬಿಡಿ ಬಿಡಿ ಚೂರುಗಳನ್ನು ಒಂದಕ್ಕೊಂದು ಅಂಟಿಸುವ ಕೆಲಸದಲ್ಲಿ ಇದರ ಪಾಲು ದೊಡ್ಡದು. ನಮ್ಮ ಟ್ಯಾಂಕಿನಲ್ಲಿ ಇದು ಹಬ್ಬಿದ ಜಾಗದಲ್ಲಿ ಬೇಡದ ಹಸಿರು ಪಾಚಿ ಕೂರುವುದು ಕಷ್ಟ. ಚೆಂದದ ಜೊತೆಗೆ ಲಾಭವೂ ಇದೆ ಅನ್ನಿ.

ಇದನ್ನು ಬೇಗ ಬೆಳೆಸುತ್ತೇವೆ ಅಂತ ಮಾರುವ ಬಾಟಲಿಗಳು ಬೇಕಾದಷ್ಟು ಸಿಗುತ್ತವೆ. ಹೆಚ್ಚಿನವುಗಳಲ್ಲಿ ಇರುವುದು ಕ್ಯಾಲ್ಸಿಯಂ ತರಹದ ಖನಿಜಗಳೇ. ಸದ್ಯಕ್ಕೆ ಅದನ್ನು ಬಿಡಿ. ಬೇಕಾದ್ದು ಎರಡೇ: ಎಲ್ಲಿಂದಾದರೂ ತಂದ ಜೀವಂತ ಬೀಜ (ಅಂದರೆ ಅದೇ ಪಾಚಿಯ ಚೂರು), ಮತ್ತೆ ವಾರದಿಂದ ವಾರಕ್ಕೆ ಬದಲಾಗದ ನೀರು.

ಮೊದಲು ನೀರು

ಮಂಗಳೂರಿನಲ್ಲಿದ್ದುಕೊಂಡು ಉಪ್ಪುನೀರಿಗೆ ದುಡ್ಡು ಕೊಡುವುದಾ ಅಂತ ಎಲ್ಲರಿಗೂ ಅನಿಸುತ್ತದೆ. ಪಣಂಬೂರಿಗೆ ಹೋಗಿ ಎರಡು ಕ್ಯಾನ್ ತುಂಬಿಸಿಕೊಂಡು ಬಂದರಾಯ್ತಲ್ಲ? ಬೇಸಿಗೆಯಲ್ಲಿ ಹಾಗೆ ಮಾಡಿ ನಡೆಸುವವರು ಇಲ್ಲ ಅಂತಲ್ಲ. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಒಂದೇ ಅಳಿವೆಯಲ್ಲಿ ಕಡಲಿಗೆ ಬಂದು ಬೀಳುತ್ತವೆ, ದಡದ ನೀರು ಕೆಂಪಾಗುತ್ತದೆ, ಉಪ್ಪಿನಂಶ ಇಳಿಯುತ್ತದೆ. ಮಲ್ಪೆಯ ಬಂದರಿನ ಹತ್ತಿರವಾದರೆ ದೋಣಿಗಳ ಡೀಸೆಲ್ ಬೇರೆ. ವರ್ಷವಿಡೀ ಒಂದೇ ತರಹದ ನೀರು ಬೇಕಾದರೆ ಅಕ್ವೇರಿಯಂ ಸಾಲ್ಟ್ ಮಿಕ್ಸನ್ನು ಆರ್‌ಓ ನೀರಿನಲ್ಲಿ ಕಲಸುವುದೇ ನೆಮ್ಮದಿ.

ಈ ಆರ್‌ಓ ನೀರಿನಲ್ಲೂ ಒಂದು ತಕರಾರಿದೆ. ಅಡುಗೆಮನೆಯ ಪ್ಯೂರಿಫೈಯರ್‌ಗಳಲ್ಲಿ ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನೋ ಖನಿಜವನ್ನೋ ಮತ್ತೆ ಸೇರಿಸುವ ವ್ಯವಸ್ಥೆ ಇರುತ್ತದೆ. ಅದರ ನಲ್ಲಿಯಲ್ಲಿ ಬಂದ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಖನಿಜ ಅಳೆಯುವುದು) ಅದ್ದಿ ನೋಡಿ, ಐವತ್ತೋ ಎಂಬತ್ತೋ ತೋರಿಸಿದರೆ ಕಾರಣ ಇದೇ ಇರಬಹುದು. ಟ್ಯಾಂಕಿಗೆ ಬೇಕಾದ್ದು ಸೊನ್ನೆ. ಮೆಂಬ್ರೇನ್ ಆದ ಕೂಡಲೇ ಪೈಪಿಗೆ ಒಂದು ಟೀ ಜಾಯಿಂಟ್ ಹಾಕಿಸಿ ಅಲ್ಲಿಂದ ನೀರು ತೆಗೆದು, ಆಮೇಲೆ ಉಳಿದ ಖನಿಜವನ್ನೂ ಹಿಡಿಯುವ ಡಿಐ ಕಾರ್ಟ್ರಿಜ್ ದಾಟಿಸಿ. ಸಿಲಿಕೇಟ್ ಉಳಿದ ನೀರು ಹಾಕುತ್ತಾ ಹೋದರೆ ಕಂದು ಧೂಳಿನಂಥ ಡಯಾಟಮ್ ಪಾಚಿ ಬಿಡುವುದೇ ಇಲ್ಲ.

ಸಾಂದ್ರತೆ 1.026 ಇರಲಿ, ಅಂದರೆ ಸಾವಿರಕ್ಕೆ 35 ಭಾಗ ಉಪ್ಪು. ಉಷ್ಣತೆ 25-26 ಡಿಗ್ರಿ. ಮಾರ್ಚ್‌ನಿಂದ ಮೇವರೆಗೆ ನಮ್ಮೂರಲ್ಲಿ ಇದೇ ದೊಡ್ಡ ತಲೆನೋವು. ನೀರಿನ ಮೇಲೆ ಫ್ಯಾನ್ ಬಿಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ, ಕರಾವಳಿಯ ಸೆಕೆಯಲ್ಲಿ ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಫ್ಯಾನಿನಿಂದ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ದಿನಾ ಮೇಲಿಂದ ತುಂಬಿಸಬೇಕಾದ್ದು ಸಿಹಿ ಆರ್‌ಓ ನೀರು. ಉಪ್ಪುನೀರಲ್ಲ.

ಬೀಜ ಎಲ್ಲಿಂದ?

ಒಣ ಕಲ್ಲು ಹಾಕಿ ಸುಮ್ನೆ ಕಾದರೆ ಕೋರಲೈನ್ ತಾನಾಗಿ ಹುಟ್ಟುವುದಿಲ್ಲ. ಹಾಗಂತ ಮುರುಡೇಶ್ವರದ ಎದುರಿನ ನೇತ್ರಾಣಿಗೆ ಡೈವಿಂಗ್‌ಗೆ ಹೋದಾಗ ಒಂದು ಕಲ್ಲು ಎತ್ತಿಕೊಂಡು ಬರುವ ಯೋಚನೆ ಬೇಡ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಷೆಡ್ಯೂಲ್ ಒಂದರಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಸೇಂಟ್ ಮೇರಿಸ್ ದ್ವೀಪದ ಕಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅವನ್ನೂ ಮುಟ್ಟಬೇಡಿ.

ಸುಲಭದ ದಾರಿ ಅಂದರೆ ಊರಿನಲ್ಲಿ ಹಳೇ ಉಪ್ಪುನೀರಿನ ಟ್ಯಾಂಕ್ ಇಟ್ಟವರನ್ನು ಹುಡುಕುವುದು. ಅವರು ಗಾಜು ಕೆರೆದು ಎಸೆಯುವ ನೇರಳೆ ಪುಡಿ ನಿಮಗೆ ಬೀಜ. ಅವರ ಟ್ಯಾಂಕಿನ ನೀರಿನಲ್ಲೇ ಅದನ್ನು ಸಣ್ಣ ಡಬ್ಬಿಯಲ್ಲಿ ಒದ್ದೆಯಾಗಿ ತನ್ನಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ನಿಮ್ಮ ಟ್ಯಾಂಕಿನ ಫಿಲ್ಟರ್ ಸಾಕ್ಸ್ (ನೀರು ಸೋಸುವ ಬಟ್ಟೆಚೀಲ) ತೆಗೆದಿಟ್ಟು, ವೇವ್ ಪಂಪಿನ ಎದುರಿಗೆ ಪುಡಿ ಸುರಿಯಿರಿ. ಕೆಲವು ಗಂಟೆ ಅದು ಟ್ಯಾಂಕೆಲ್ಲ ಸುತ್ತಲಿ. ಇನ್ನೊಂದು ಉಪಾಯ ಟರ್ಬೊ ಅಥವಾ ಟ್ರೋಕಸ್ ಬಸವನಹುಳು ತರುವುದು. ಚಿಪ್ಪಿನ ಮೇಲೆ ಗುಲಾಬಿ ಮಚ್ಚೆ ಇರುವುದನ್ನೇ ಆರಿಸಿ. ಗಾಜಿನ ಹಸಿರು ಪದರವನ್ನೂ ತಿನ್ನುತ್ತದೆ, ಬೀಜವನ್ನೂ ಹೊತ್ತು ತರುತ್ತದೆ.

ಇಷ್ಟೆಲ್ಲ ಮಾಡುವುದು ಟ್ಯಾಂಕಿನ ಸೈಕಲ್, ಅಂದರೆ ಕೊಳೆ ಕರಗಿಸುವ ಬ್ಯಾಕ್ಟೀರಿಯ ನೆಲೆಯೂರುವ ಹಂತ, ಮುಗಿದ ಮೇಲೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ 4-6 ವಾರ ಬೇಕು.

ಸಂಖ್ಯೆಗಳ ವಿಷಯ

ಕ್ಯಾಲ್ಸಿಯಂ 400-450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಆಲ್ಕಲಿನಿಟಿ, ಅಂದರೆ ನೀರಿನಲ್ಲಿರುವ ಕಾರ್ಬೊನೇಟಿನ ಅಳತೆ, 8-10 ಡಿಕೆಎಚ್ (ಅದರ ಮಾನ), ಮೆಗ್ನೀಸಿಯಂ 1250-1350 ಪಿಪಿಎಂ. ಒಳ್ಳೆಯ ಸಾಲ್ಟ್ ಮಿಕ್ಸಿನಲ್ಲಿ ಇದೆಲ್ಲ ಹೆಚ್ಚುಕಡಿಮೆ ಇರುತ್ತದೆ, ಹವಳ ಇಲ್ಲದ ಹೊಸ ಟ್ಯಾಂಕಿಗೆ ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಿಸಿದರೆ ಸಾಕು. ಹೆಚ್ಚಿನವರು ಎಡವುವುದು ಸಂಖ್ಯೆ ಕಡಿಮೆಯಾಗಿ ಅಲ್ಲ, ಆಲ್ಕಲಿನಿಟಿ ಇವತ್ತು 7 ಇದೆ ಅಂತ ಏನೋ ಸುರಿದು ನಾಳೆ 11 ಮಾಡುವುದರಲ್ಲಿ. ಎಂಟೂವರೆ ಅಂದರೆ ಎಂಟೂವರೆ, ಅಲ್ಲೇ ಇರಲಿ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಆಲ್ಕಲಿನಿಟಿ ಟೆಸ್ಟ್ ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಸುಣ್ಣ ಕಟ್ಟುವಾಗ 20 ಪಿಪಿಎಂ ಕ್ಯಾಲ್ಸಿಯಂ ಖರ್ಚಾದರೆ ಜೊತೆಗೆ 2.8 ಡಿಕೆಎಚ್ ಕೂಡ ಖರ್ಚಾಗುತ್ತದೆ. ನಾನೂರರಲ್ಲಿ 20 ಹೋದದ್ದು ಗೊತ್ತಾಗದು, ಎಂಟರಲ್ಲಿ 2.8 ಹೋದರೆ ಎದ್ದು ಕಾಣುತ್ತದೆ, ಹಾಗಾಗಿ ಮೊದಲು ಕಣ್ಣಿಗೆ ಬೀಳುವುದು ಆಲ್ಕಲಿನಿಟಿಯ ಇಳಿತವೇ. ಅದು ವಾರ ವಾರ ಇಳಿಯತೊಡಗಿದ ಮೇಲೆ ಡೋಸಿಂಗ್, ಅಂದರೆ ಖರ್ಚಾದದ್ದನ್ನು ಮತ್ತೆ ಸೇರಿಸುವ ಯೋಚನೆ ಮಾಡಿದರಾಯ್ತು.

ಅದಕ್ಕೆ ಕೆಲವರು ಸುಣ್ಣದ ತಿಳಿನೀರು ಹನಿಸುತ್ತಾರೆ. ಹಾಗಾದರೆ ವೀಳ್ಯದೆಲೆಗೆ ಹಚ್ಚುವ ಚಿಪ್ಪಿನ ಸುಣ್ಣ ಆಗುತ್ತದಾ ಅಂತ ಕೇಳಿದರೆ, ಬೇಡ. ಅದರಲ್ಲಿ ಬೇರೆ ಏನೇನು ಸೇರಿದೆ ಅಂತ ಗೊತ್ತಾಗುವುದಿಲ್ಲ. ಫುಡ್ ಗ್ರೇಡ್ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತೆಗೆದುಕೊಳ್ಳಿ, ಲೀಟರ್ ಆರ್‌ಓ ನೀರಿಗೆ ಒಂದೂವರೆ ಗ್ರಾಮ್ ಕರಗಿಸಿ, ಅಡಿಯಲ್ಲಿ ಉಳಿದ ಗಸಿ ಬಿಟ್ಟು ಮೇಲಿನ ತಿಳಿಯನ್ನು ರಾತ್ರಿ ಹೊತ್ತು ಹನಿ ಹನಿಯಾಗಿ ಬಿಡಿ. ಅದರ ಪಿಎಚ್ 12ರ ಮೇಲೆ. ಒಮ್ಮೆಲೇ ಸುರಿದರೆ ಮೀನು ಹೋಗುತ್ತದೆ, ಕಣ್ಣಿಗೆ ಹಾರಿದರೆ ನಿಮಗೂ ಅಪಾಯ.

ಫಾಸ್ಫೇಟ್ 0.1 ಪಿಪಿಎಂಗಿಂತ ಕೆಳಗಿರಲಿ. ಅದು ಏರಿದರೆ ಸುಣ್ಣ ಕಟ್ಟುವ ಕೆಲಸಕ್ಕೇ ಅಡ್ಡಿ. ಮೀನಿಗೆ ತಿಂಡಿ ಕಡಿಮೆ ಹಾಕಿ, ಅಷ್ಟೇ.

ಬೆಳಕು ಮತ್ತು ಕಾಯುವುದು

ಎಂಟರಿಂದ ಒಂಬತ್ತು ಗಂಟೆ, ನೀಲಿ ಜಾಸ್ತಿ ಇರುವ ಹದವಾದ ಬೆಳಕು ಸಾಕು. ದುಬಾರಿ ಎಲ್‌ಇಡಿಯನ್ನು ನೂರಕ್ಕೆ ನೂರು ಉರಿಸಿದರೆ ಮೇಲಿನ ಕಲ್ಲಿನಲ್ಲಿ ಬಂದ ಕೋರಲೈನ್ ಬೆಳ್ಳಗಾಗಿ ಸಾಯಬಹುದು. ಎಷ್ಟೋ ಸಲ ಅದು ಕಲ್ಲಿನ ನೆರಳಿನ ಬದಿಯಲ್ಲಿ ಚೆನ್ನಾಗಿ ಬರುತ್ತದೆ.

ಮೊದಲ ಗುರುತು ಕಲ್ಲಿನ ಮೇಲೇ ಕಾಣಬೇಕೆಂದಿಲ್ಲ. ಪಂಪಿನ ಪ್ಲಾಸ್ಟಿಕ್, ಹಿಂದಿನ ಗಾಜು, ನೀರು ಬೀಳುವ ಪೈಪಿನ ಬಾಯಿ ನೋಡಿ. ಗುಂಡುಸೂಜಿಯ ತಲೆಯಷ್ಟು ಗುಲಾಬಿ ಚುಕ್ಕಿ, ಅಂಚು ದುಂಡಗೆ, ಬೆರಳಲ್ಲಿ ತಿಕ್ಕಿದರೆ ಹೋಗುವುದಿಲ್ಲ. ಕಡುಗೆಂಪು ಲೋಳೆಯ ಹಾಳೆ ಎದ್ದು ಬಂದರೆ ಅದು ಸಯನೋಬ್ಯಾಕ್ಟೀರಿಯ, ಖುಷಿಪಡಬೇಡಿ. ಅನುಮಾನ ಇದ್ದರೆ ಒಂದು ಚೂರು ಕೆರೆದು ತಟ್ಟೆಯಲ್ಲಿಟ್ಟು ವಿನೆಗರ್ ಹನಿಸಿ, ಕೋರಲೈನ್ ಆದರೆ ಗುಳ್ಳೆ ಏಳುತ್ತದೆ.

ಚುಕ್ಕಿ ಕಂಡ ಮೇಲೆ ಕಲ್ಲು ತುಂಬಲು ಇನ್ನೂ ತಿಂಗಳುಗಳೇ ಬೇಕು. ಆ ಹೊತ್ತಿನಲ್ಲಿ ಕಡಲ ಮುಳ್ಳುಚೆಂಡು (ಸೀ ಅರ್ಚಿನ್) ತಂದು ಬಿಡಬೇಡಿ, ಅದು ಇದನ್ನೇ ಕೆರೆದು ತಿಂದು ಬಿಳಿ ಗೆರೆ ಬಿಟ್ಟು ಹೋಗುತ್ತದೆ. ಎದುರಿನ ಗಾಜಿಗೆ ಹಬ್ಬಿದ್ದನ್ನು ಬ್ಲೇಡಿನಿಂದ ವಾರಕ್ಕೊಮ್ಮೆ ತೆಗೆಯುತ್ತಿರಿ, ದಪ್ಪವಾದ ಮೇಲೆ ಕೈ ನೋಯುತ್ತದೆ. ಟ್ಯಾಂಕ್ ಅಕ್ರಿಲಿಕ್‌ನದ್ದಾದರೆ ಬ್ಲೇಡ್ ಬೇಡ, ಹಳೇ ಎಟಿಎಂ ಕಾರ್ಡ್ ಸಾಕು. ಪಂಪ್ ಬಿಗಿಯಾಗಿ ಸದ್ದು ಮಾಡತೊಡಗಿದರೆ ಬಿಚ್ಚಿ, ಅರ್ಧ ನೀರು ಅರ್ಧ ವಿನೆಗರ್‌ನಲ್ಲಿ ಒಂದೆರಡು ಗಂಟೆ ನೆನೆಸಿ, ಬ್ರಷ್ ಹಾಕಿ ತೊಳೆದು ಮತ್ತೆ ಇಡಿ.