ಮಕ್ಕಳ ವೈದ್ಯಕೀಯದಲ್ಲಿ ಜೆಂಡರ್ ಹಿಸ್ಟರಿನ ಓದೋದು ಹೇಗೆ

1955ರಿಂದ ಶುರು ಮಾಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ, ಹುಟ್ಟಿದಾಗ ಗಂಡೋ ಹೆಣ್ಣೋ ಅಂತ ನೋಡಿ ಹೇಳೋಕಾಗದ ಮಕ್ಕಳ ಕೇಸುಗಳನ್ನ ಸ್ಟಡಿ ಮಾಡ್ತಿದ್ದ ಸೈಕಾಲಜಿಸ್ಟ್ ಜಾನ್ ಮನಿ 'ಜೆಂಡರ್ ರೋಲ್' (ತಾನು ಗಂಡು ಅಥವಾ ಹೆಣ್ಣು ಅಂತ ಒಬ್ಬರು ತೋರಿಸ್ಕೊಳ್ಳೋ ನಡೆ-ನುಡಿ) ಅನ್ನೋದನ್ನ ಬಳಕೆಗೆ ತಂದಿದ್ದು ಆಗ್ಲೇ, ಅಂದ್ರೆ ವೈದ್ಯಕೀಯಕ್ಕೆ ಈ ಕಾನ್ಸೆಪ್ಟ್ ಬಂದಿದ್ದೇ ಮಕ್ಕಳ ಚಿಕಿತ್ಸೆ ಕಡೆಯಿಂದ, ತುಂಬಾ ಜನ ಇದನ್ನ ಮರೆತೇಬಿಡ್ತಾರೆ.

ಹಳೇ ಕೇಸ್ ರಿಪೋರ್ಟ್ ಕೈಗೆ ಸಿಕ್ರೆ ಲೇಖಕರ ತೀರ್ಮಾನ ಆಮೇಲೆ ಓದಿ. ನಿರ್ಧಾರ ಯಾರು ತಗೊಂಡ್ರು, ಮಗೂಗೆ ನಿಜ ಹೇಳಿದ್ರಾ, ದೊಡ್ಡವರಾದ್ಮೇಲೆ ಫಾಲೋ ಅಪ್ ಇತ್ತಾ, ಇದನ್ನ ಮೊದ್ಲು ಹುಡುಕಿ. ಕೆನಡಾದ ಅವಳಿ ಗಂಡುಮಕ್ಕಳಲ್ಲಿ ಒಬ್ಬನಿಗೆ ಸುನ್ನತಿ ಟೈಮಲ್ಲಿ ಗಾಯ ಆಗಿ, ಹೆಣ್ಣಾಗಿ ಬೆಳೆಸಿ ಅಂತ ಮನಿ ಸಲಹೆ ಕೊಟ್ಟಿದ್ರು, 1972ರಲ್ಲಿ ಅದನ್ನ ಸಕ್ಸಸ್ ಅಂತ ಬರೆದ್ರು, ಆದ್ರೆ ಆತ ಹದಿಹರೆಯದಿಂದಲೇ ಗಂಡಾಗಿ ಬದುಕ್ತಿದ್ದ ಅನ್ನೋದು 1997ರ ಪೇಪರ್‌ನಿಂದ ಹೊರಬಂತು. ಅಷ್ಟು ವರ್ಷ ಎಷ್ಟೋ ಡಾಕ್ಟರ್‌ಗಳು ಆ ಕೇಸನ್ನೇ ನಂಬಿ ಬೇರೆ ಮಕ್ಕಳಿಗೂ ಸರ್ಜರಿ ಮಾಡಿದ್ರು, ಇದು ನಂಗೆ ತುಂಬಾ ನೋವಿನ ವಿಷಯ.

ಡಯಾಗ್ನೋಸಿಸ್ ಹೆಸರುಗಳನ್ನ ಇಸವಿ ಜೊತೆ ಬರ್ಕೊಳಿ: 1980ರಲ್ಲಿ ಡಿಎಸ್‌ಎಂ-3 (ಅಮೆರಿಕದ ಮಾನಸಿಕ ಕಾಯಿಲೆಗಳ ಕೈಪಿಡಿ) ಕೊಟ್ಟ ಹೆಸರು 'ಜೆಂಡರ್ ಐಡೆಂಟಿಟಿ ಡಿಸಾರ್ಡರ್', 2013ರ ಆವೃತ್ತಿಯಲ್ಲಿ ಅದು 'ಜೆಂಡರ್ ಡಿಸ್ಫೋರಿಯಾ', ಅಂದ್ರೆ ಹುಟ್ಟಿದಾಗ ಗುರುತಿಸಿದ ಲಿಂಗ ತನ್ನದಲ್ಲ ಅನ್ನೋ ಸಂಕಟ. 2022ರಲ್ಲಿ ಜಾರಿಗೆ ಬಂದ ಐಸಿಡಿ-11 (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ) ಅಂತೂ ಈ ಡಯಾಗ್ನೋಸಿಸನ್ನ ಮಾನಸಿಕ ಕಾಯಿಲೆಗಳ ಪಟ್ಟಿಯಿಂದಲೇ ತೆಗೀತು.