ಮನೆಯಲ್ಲಿ ಕೇಳುವವರಿದ್ದರೆ ತರಗತಿಯಲ್ಲಿ ಏನಾಗುತ್ತದೆ? ನನ್ನ ಕ್ರಿಯಾ ಸಂಶೋಧನೆಯ ಅನುಭವ

ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಸುತ್ತ ಶೇಂಗಾ ಹೊಲ. ಪೋಷಕರಲ್ಲಿ ಜಾಸ್ತಿ ಜನ ಕೂಲಿಗೆ ಹೋಗುವವರು. ಪೋಷಕರ ಸಭೆಗೆ ಪ್ರತಿ ಸಲ ಬರುವುದು ಅದೇ ಕೆಲವರು. ಅವರ ಮಕ್ಕಳು ಮೊದಲಿಂದಲೂ ಚೆನ್ನಾಗಿ ಓದುವವರು. ಪೋಷಕರು ಬಂದರೆ ಮಕ್ಕಳು ಮುಂದೆ ಬರುತ್ತಾರೆ ಅಂತ ನಾವು ಶಿಕ್ಷಕರೆಲ್ಲ ಹೇಳುತ್ತೇವೆ. ಆದರೆ ಮಗು ಚೆನ್ನಾಗಿ ಓದುತ್ತದೆ ಅನ್ನೋ ಖುಷಿಗೇ ಆ ಪೋಷಕರು ಬರುತ್ತಿರಬಹುದು, ಅಲ್ವಾ? ಯಾವುದು ಕಾರಣ, ಯಾವುದು ಫಲ ಅಂತ ತಿಳಿಯಬೇಕೆಂದೇ ಕ್ರಿಯಾ ಸಂಶೋಧನೆಗೆ, ಅಂದರೆ ಶಿಕ್ಷಕರು ತಮ್ಮ ತರಗತಿಯಲ್ಲೇ ಮಾಡಿ ನೋಡುವ ಅಧ್ಯಯನಕ್ಕೆ, ಈ ವಿಷಯ ಆರಿಸಿಕೊಂಡೆ.

ಕಾನೂನಿನಲ್ಲಿ ಪೋಷಕರಿಗೆ ಜಾಗ ಇಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ 2001ರಿಂದಲೇ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳಿರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಕಾಂಪೌಂಡು, ಬಿಸಿಯೂಟ, ಶೌಚಾಲಯದ ಮಾತಿನಲ್ಲೇ ಸಭೆ ಮುಗಿಯುತ್ತದೆ. ಅವೂ ಬೇಕು. ನನಗೆ ಬೇಕಾಗಿದ್ದು ಬೆಂಚಿನ ಮೇಲೆ ಕೂತ ಮಗುವಿನಲ್ಲಿ ಏನು ಬದಲಾಗುತ್ತದೆ ಅನ್ನುವುದು.

ಹಾಗಾಗಿ ಪ್ರಶ್ನೆಯನ್ನು ಚಿಕ್ಕದು ಮಾಡಿಕೊಂಡೆ. ಮನೆಯಲ್ಲಿ ಯಾರಾದರೂ ದಿನಾ ಸಂಜೆ 'ಇವತ್ತು ಏನು ಕಲಿತೆ' ಅಂತ ಕೇಳಿದರೆ, ಮಗು ತರಗತಿಯಲ್ಲಿ ನಡೆದುಕೊಳ್ಳುವ ರೀತಿ ಬದಲಾಗುತ್ತದಾ? ಶುರು ಮಾಡುವ ಮೊದಲೇ ಪ್ರತಿ ಮಗುವಿನ ಹಾಜರಿ, ಮನೆಗೆಲಸ (ಹೋಂವರ್ಕ್), ತಾನಾಗಿ ಕೈ ಎತ್ತುವುದು, ಓದುವ ಮಟ್ಟ ಇಷ್ಟನ್ನೂ ಬರೆದಿಟ್ಟೆ. ಓದುವ ಮಟ್ಟಕ್ಕೆ, ಹಳ್ಳಿ ಮಕ್ಕಳ ಓದು-ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಕ್ರಮ ಅನುಸರಿಸಿದೆ: ಅಕ್ಷರ, ಪದ, ಒಂದನೇ ತರಗತಿಯ ಸಾಲುಗಳು, ಎರಡನೇ ತರಗತಿಯ ಕಥೆ. ಯಾರು ಎಷ್ಟು ಜಾಣರು ಅಂತ ಹೋಲಿಸಲಿಲ್ಲ. ಅದೇ ಮಗು ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಬಂತು ಅಂತ ನೋಡಿದೆ. ಕೈ ಎತ್ತುವುದನ್ನು ಗುರುತು ಹಾಕಿಕೊಂಡಿದ್ದು ನನ್ನ ಸಹೋದ್ಯೋಗಿ. ಯಾವ ಮಕ್ಕಳ ಮನೆಯವರು ಇದರಲ್ಲಿ ಸೇರಿದ್ದಾರೆ ಅಂತ ಅವರಿಗೆ ಹೇಳಿರಲಿಲ್ಲ. ನನಗೆ ಅದು ಗೊತ್ತಿದ್ದರಿಂದ, ನಾನೇ ಗುರುತು ಹಾಕಿದ್ದರೆ ನನ್ನ ಕಣ್ಣು ಆ ಮಕ್ಕಳ ಕಡೆಗೇ ಹೋಗುತ್ತಿತ್ತು. ಮುಖ್ಯ ಶಿಕ್ಷಕರ ಮತ್ತು ಪೋಷಕರ ಒಪ್ಪಿಗೆ ತಗೊಂಡು, ಹೆಸರಿನ ಬದಲು ಸಂಖ್ಯೆ ಬಳಸಿದೆ.

ಮನೆಮನೆಗೆ ಹೋಗಿ ಮಾತಾಡಿಸಿದ್ದು ಇಡೀ ಕೆಲಸದ ಜೀವಾಳ. ಮಗುವಿನ ಓದಿನ ಕಡೆ ಗಮನ ಕೊಡ್ತೀರಾ ಅಂತ ಕೇಳಿದರೆ ಎಲ್ಲರೂ 'ಹೂಂ ಮೇಡಂ' ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. 'ನಿನ್ನೆ ಹೊಲದಿಂದ ಬಂದ ಮೇಲೆ ಏನೇನು ಮಾಡಿದ್ರಿ' ಅಂತ ಕೇಳಿದರೆ ನಿಜವಾದ ಸಂಜೆ ಕಣ್ಣಿಗೆ ಬರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ ಅನ್ನುವುದೂ ಅಲ್ಲೇ ಗೊತ್ತಾಗಿದ್ದು. ಆಮೇಲೆ ಕತ್ತಲಾದ ಮೇಲೆ ಅರಳಿಕಟ್ಟೆ ಹತ್ತಿರ ಕೂತೆವು. ಶಾಲೆಗೆ ಯಾವತ್ತೂ ಕಾಲಿಡದ ತಾಯಂದಿರೂ ಬಂದರು.

ಒಬ್ಬ ತಾಯಿ ಹೇಳಿದರು, "ನಮಗೆ ಅಕ್ಷರ ಬರಲ್ಲ ಮೇಡಂ, ನಾನೇನು ಹೇಳ್ಕೊಡ್ಲಿ?" ಹೇಳಿಕೊಡಬೇಡಿ, ಮಗಳ ಹತ್ತಿರ ಹೇಳಿಸಿಕೊಳ್ಳಿ ಅಂದೆ. ಮುಂದಿನ ಸಲ ಹೋದಾಗ ಅವರು ಶೇಂಗಾ ಸುಲಿಯುತ್ತಿದ್ದರು. ಮಗಳು ಹತ್ತತ್ತು ಬೀಜದ ಗುಡ್ಡೆ ಮಾಡಿ, ಒಂದು ಗುಡ್ಡೆ ಒಡೆದು ಬಿಡಿ ಬೀಜಗಳಿಗೆ ಸೇರಿಸಿ, ದಶಕ ತೆಗೆದು ಕಳೆಯುವುದನ್ನು ಅಮ್ಮನಿಗೆ ತೋರಿಸುತ್ತಿದ್ದಳು. "ಮತ್ತೆ ಈ ಗುಡ್ಡೆ ಯಾಕೆ ಒಡೆದೆ?" ಅಂತ ಅಮ್ಮ ಕೇಳಿದರು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನೂ ಕೇಳುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದ ಆ ಹುಡುಗಿ ನಿಧಾನವಾಗಿ ಬೋರ್ಡಿನ ಹತ್ತಿರ ಬರಲು ಶುರು ಮಾಡಿದಳು.

ಮೊದಲು ಬದಲಾಗಿದ್ದು ಹಾಜರಿ ಮತ್ತು ಮನೆಗೆಲಸ. ತಾನಾಗಿ ಮಾತಾಡುವ ಧೈರ್ಯ ತಡವಾಗಿ ಬಂತು. ಓದುವ ಮಟ್ಟ ಮಾತ್ರ ಅಷ್ಟಾಗಿ ಏರಲಿಲ್ಲ. ಹಿಂದುಳಿದ ಮಕ್ಕಳಿಗೆ ನಾನೇ ಪ್ರತ್ಯೇಕವಾಗಿ ಓದು ಹೇಳಿಕೊಟ್ಟ ಮೇಲೆ ಏರಿತು. ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಪ್ರಥಮ್ ಎಂಬ ಶಿಕ್ಷಣದ ಸ್ವಯಂಸೇವಾ ಸಂಸ್ಥೆಯ ಜೊತೆ ನಡೆದ ಅಧ್ಯಯನವನ್ನು ಆಮೇಲೆ ಓದಿದೆ. ಶಾಲಾ ಸಮಿತಿಯ ಬಗ್ಗೆ ಊರವರಿಗೆ ಬರೀ ಮಾಹಿತಿ ಕೊಟ್ಟಿದ್ದರಿಂದ ಅಲ್ಲಿ ಏನೂ ಬದಲಾಗಲಿಲ್ಲ. ಊರಿನ ಸ್ವಯಂಸೇವಕರು ಓದುವ ತರಗತಿ ನಡೆಸಿದಾಗ, ಅಲ್ಲಿಗೆ ಹೋದ ಮಕ್ಕಳ ಓದು ಸುಧಾರಿಸಿತು. ನಾನು ಕಂಡಿದ್ದಕ್ಕೂ ಅದಕ್ಕೂ ತಾಳೆಯಾಯಿತು. ಕಲಿಸುವ ಜವಾಬ್ದಾರಿಯನ್ನು ಪೋಷಕರ ತಲೆಗೆ ಕಟ್ಟುವುದು ಅನ್ಯಾಯ ಅಂತ ನಾನು ಈಗ ಗಟ್ಟಿಯಾಗಿ ಹೇಳುತ್ತೇನೆ.

ಇನ್ನೊಂದು ಸಂಗತಿ ಮನಸ್ಸಿಗೆ ನೋವು ಕೊಟ್ಟಿತು. ಒಬ್ಬ ತಂದೆ ತುಂಬಾ ಆಸಕ್ತಿಯಿಂದ ಸೇರಿಕೊಂಡರು. ದಿನಾ ಮಗನನ್ನು ಕೂರಿಸಿ ಲೆಕ್ಕ ಮಾಡಿಸುತ್ತಿದ್ದರು, ತಪ್ಪಿದರೆ ಗದರುತ್ತಿದ್ದರು. ಆ ಹುಡುಗ ಮನೆಗೆಲಸ ತಪ್ಪದೆ ತರುತ್ತಿದ್ದ, ತರಗತಿಯಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಅಮೆರಿಕದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಸಂಶೋಧಕರು ಮಿಡ್ಲ್ ಸ್ಕೂಲ್ ಹಂತದ ಮಕ್ಕಳ ಬಗ್ಗೆ ನಡೆದ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2009ರಲ್ಲಿ ಬರೆದಿದ್ದಾರೆ. ಓದಿನ ಬೆಲೆ ಏನು, ಮುಂದೆ ಏನಾಗಬೇಕು ಅಂತ ಮಗುವಿನ ಜೊತೆ ಮಾತಾಡುವುದು ಹೆಚ್ಚು ಫಲ ಕೊಡುತ್ತದೆ, ಮನೆಗೆಲಸಕ್ಕೆ ಸಹಾಯ ಮಾಡುವುದರ ಫಲ ಅಷ್ಟು ಖಚಿತವಲ್ಲ ಅನ್ನುವುದು ಅವರು ಕಂಡಿದ್ದು. ಇದನ್ನೇ ಆ ತಂದೆಗೆ ಅವರ ಮಾತಿನಲ್ಲಿ ತಿಳಿಸಿದೆ. ಈಗ ಅವರು ಕೂರಿಸಿ ಲೆಕ್ಕ ಮಾಡಿಸುವುದು ಬಿಟ್ಟು, ಮಗನ ಜೊತೆ ಸಂತೆಯ ಖರ್ಚಿನ ಲೆಕ್ಕಾಚಾರ ಮಾತಾಡುತ್ತಾರೆ.

ನನ್ನದು ಒಂದೇ ತರಗತಿ, ಹಾಗಾಗಿ ಎಲ್ಲ ಕಡೆ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿ, ಅಜ್ಜಿ ಹತ್ತಿರ ಉಳಿದ ಮಕ್ಕಳ ಕಥೆ ಬೇರೆಯೇ. ಈ ವರ್ಷ ಅವರನ್ನು ಪ್ರತ್ಯೇಕವಾಗಿ ನೋಡುತ್ತಿದ್ದೇನೆ. ಸಂಜೆಯ ಪ್ರಶ್ನೆಯನ್ನು ಅಜ್ಜಿ ಕೇಳಿದಾಗ, ಅಮ್ಮ ಫೋನಿನಲ್ಲಿ ಕೇಳಿದಾಗ, ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.